ಅಪ್ಪನ ಸಾಲ, ಮಗನ ಜೀತ: ಹೀಬ್ರೂ ಪ್ರವಾದಿಗಳು ಕಂಡ ನ್ಯಾಯ



ಅಲಮೇಲಮ್ಮನ ಶಾಪ ಗೊತ್ತಿಲ್ಲದವರು ಈ ಸಭೆಯಲ್ಲಿ ಇರಲಾರರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯ ಊರು ಬಿಟ್ಟ. ಅವನ ಹೆಂಡತಿ ಅಲಮೇಲಮ್ಮನ ಒಡವೆಗಾಗಿ ಅರಸನ ಆಳುಗಳು ಬೆನ್ನಟ್ಟಿದರು, ಆಕೆ ಮಾಲಂಗಿಯ ಮಡುವಿಗೆ ಹಾರುವ ಮುನ್ನ ತಲಕಾಡಿಗೆ ಮರಳನ್ನೂ ಅರಸರ ಮನೆಗೆ ಮಕ್ಕಳಿಲ್ಲದ ದುಃಖವನ್ನೂ ಕೊಟ್ಟು ಹೋದಳು ಎಂಬುದು ಕಥೆ. ಅರಮನೆಯಲ್ಲಿ ಆಕೆಯ ವಿಗ್ರಹಕ್ಕೆ ಪೂಜೆ ನಡೆಯುತ್ತ ಬಂದಿದೆ. 2017ರ ಡಿಸೆಂಬರಿನಲ್ಲಿ ಆ ಮನೆತನದಲ್ಲಿ ಗಂಡು ಮಗು ಹುಟ್ಟಿದಾಗ ಪತ್ರಿಕೆಗಳು ಮೊದಲು ಬರೆದದ್ದು ಶಾಪ ಕಳೆಯಿತೇ ಎಂಬ ಮಾತನ್ನು. ನಾಲ್ಕು ಶತಮಾನದ ಹಿಂದಿನ ತಪ್ಪಿಗೆ ನಿನ್ನೆ ಹುಟ್ಟಿದ ಕೂಸನ್ನು ಬಾಧ್ಯಸ್ಥನನ್ನಾಗಿ ಮಾಡುವುದು ನಮಗೆ ಅಷ್ಟು ಸಹಜ.

ಹಾಗೆಂದು ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯೂ ನಮ್ಮದೇ. ಎಂ.ಎಸ್. ಪುಟ್ಟಣ್ಣನವರು ಅದನ್ನು ತಮ್ಮ ಕಾದಂಬರಿಯ ಹೆಸರಾಗಿಯೇ ಇಟ್ಟುಕೊಂಡರು. ಮಾಡಿದವನೇ ಉಣ್ಣಬೇಕು ಎಂದು ಒಂದು ಬಾಯಿ, ಹಿರಿಯರು ಮಾಡಿದ್ದು ಮಕ್ಕಳ ತಲೆಗೆ ಎಂದು ಇನ್ನೊಂದು ಬಾಯಿ. ಈ ಎರಡು ಮಾತುಗಳ ನಡುವಿನ ಜಗಳವನ್ನು ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಎದುರೆದುರು ನಿಂತು ಇತ್ಯರ್ಥ ಮಾಡಹೊರಟವರು ಹೀಬ್ರೂ ಪ್ರವಾದಿಗಳು. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಪ್ರತಿ ಜೂನ್ 13ಕ್ಕೆ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲ ಜಾತಿ ಮತಗಳ ಜನ ಹರಕೆ ಹೊತ್ತು ಸೇರುತ್ತಾರೆ. ಆ ಗುಡಿಯ ಪೀಠದಿಂದ ಓದುವ ಗ್ರಂಥದಲ್ಲಿ ಈ ಪ್ರವಾದಿಗಳೂ ಇದ್ದಾರೆ. ಅವರ ಮಾತು ಕನ್ನಡಕ್ಕೆ ಹೊಸದೇನಲ್ಲ. ಆದರೆ ಅದನ್ನು ಭಕ್ತಿಯ ಮಾತಾಗಿ ಓದಿದಷ್ಟು ಸಾಲದ ಮಾತಾಗಿ, ದುಡಿಮೆಯ ಮಾತಾಗಿ ನಾವು ಓದಿಲ್ಲ. ಇವತ್ತು ಆ ಕೆಲಸಕ್ಕೆ ಕೈಹಾಕುತ್ತೇನೆ.

ಮೊದಲು ಒಬ್ಬ ಹುಡುಗನ ಕಥೆ. ಹುಡುಗ ಎಂದರೂ ಅರಸ. ಹೆಸರು ಯೆಹೋಯಾಖೀನ, ಯೆಹೂದ ದೇಶದ ದೊರೆ. ಅವನ ಅಪ್ಪ ಯೆಹೋಯಾಕೀಮ ಬಾಬಿಲೋನಿಗೆ ಕಪ್ಪ ಕೊಡುವುದನ್ನು ನಿಲ್ಲಿಸಿ ದಂಗೆಯೆದ್ದ. ದಂಡು ಬರುವಷ್ಟರಲ್ಲಿ ಸತ್ತ. ಹದಿನೆಂಟರ ಮಗ ಪಟ್ಟಕ್ಕೆ ಬಂದ, ಮೂರು ತಿಂಗಳು ಆಳಿದ, ಕ್ರಿಸ್ತಪೂರ್ವ 597ರಲ್ಲಿ ತಾಯಿಯೊಡನೆ ಊರಬಾಗಿಲಿಗೆ ಬಂದು ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನಿಗೆ ಶರಣಾದ. ಅವನ ಜೊತೆಗೆ ಸೈನಿಕರು, ಕಮ್ಮಾರರು, ಬಡಗಿಗಳು, ಪುರೋಹಿತರು ಸಾವಿರಾರು ಮಂದಿ ಸೆರೆಯಾಗಿ ಹೋದರು. ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಅರಮನೆಯ ಉಗ್ರಾಣದಿಂದ ಯೆಹೂದದ ಅರಸನಿಗೂ ಅವನ ಐವರು ಮಕ್ಕಳಿಗೂ ಎಷ್ಟೆಷ್ಟು ಎಣ್ಣೆ ಅಳೆದುಕೊಟ್ಟರು ಎಂಬ ಲೆಕ್ಕವಿದೆ. 1939ರಲ್ಲಿ ಅವು ಪ್ರಕಟವಾದವು. ದಂಗೆ ಎದ್ದವನು ಅಜ್ಜ, ಪಡಿಯೆಣ್ಣೆಗೆ ಕೈಯೊಡ್ಡಿದವರು ಮೊಮ್ಮಕ್ಕಳು.

ಆ ಸೆರೆಯವರ ಗುಂಪಿನಲ್ಲಿ, ಮುಂದೆ ಪ್ರವಾದಿಯಾದ ಯೆಹೆಜ್ಕೇಲನೆಂಬ ಪುರೋಹಿತನೂ ಇದ್ದ. ಕೆಬಾರ್ ಎಂಬ ಕಾಲುವೆಯ ದಡದಲ್ಲಿ ಅವರನ್ನು ನೆಲೆ ಮಾಡಿಸಿದರು. ಅಲ್ಲಿಯೂ, ಹಿಂದೆ ಉಳಿದ ಯೆರೂಸಲೇಮಿನಲ್ಲಿಯೂ ಒಂದು ಗಾದೆ ಹಬ್ಬಿತು. ಹುಳಿ ದ್ರಾಕ್ಷಿ ತಿಂದವರು ಅಪ್ಪಂದಿರು, ಹಲ್ಲು ಜುಮ್ಮೆಂದದ್ದು ಮಾತ್ರ ಮಕ್ಕಳದ್ದು ಎನ್ನುವುದು ಅದರ ತಿರುಳು. ಅದರಲ್ಲಿ ದೇವರ ಮೇಲೆ ಸಿಟ್ಟಿತ್ತು, ತಮ್ಮ ಬಗ್ಗೆ ಮರುಕವಿತ್ತು. ಅವರನ್ನು ತಪ್ಪು ಎನ್ನಲಾಗದು. ಯೆಹೂದ ಹಾಳಾದದ್ದಕ್ಕೆ ಅವರ ಇತಿಹಾಸಕಾರರು ಕೊಟ್ಟ ಕಾರಣವೇ ಮನಸ್ಸೆ ಎಂಬ ದೊರೆಯ ಪಾಪ. ಮನಸ್ಸೆ ಸತ್ತು ಅಷ್ಟರಲ್ಲಿ ನಲವತ್ತು ವರ್ಷ ದಾಟಿತ್ತು. ಮೋಶೆಗೆ ಕೊಟ್ಟ ಹತ್ತು ಕಟ್ಟಳೆಗಳಲ್ಲಿಯೇ ಅಪ್ಪಂದಿರ ದೋಷವನ್ನು ಮೂರನೆಯ, ನಾಲ್ಕನೆಯ ತಲೆಯವರೆಗೆ ವಿಚಾರಿಸುವ ದೇವರ ಮಾತಿದೆ. ಯುದ್ಧದ ಕೊಳ್ಳೆಯಲ್ಲಿ ಕದ್ದ ಆಕಾನನನ್ನು ಮಕ್ಕಳು, ಮರಿ, ದನ, ಡೇರೆಯ ಸಮೇತ ಹೊರಗೆಳೆದುಕೊಂಡು ಹೋದ ಭಯಂಕರ ಪ್ರಸಂಗ ಯೆಹೋಶುವನ ಪುಸ್ತಕದಲ್ಲಿದೆ. ಸೆರೆಯವರು ಗಾದೆಯನ್ನು ಗಾಳಿಯಿಂದ ಹಿಡಿದು ತಂದಿರಲಿಲ್ಲ.

ಇದಕ್ಕೆ ಎದುರು ದನಿ ಅದೇ ಪರಂಪರೆಯೊಳಗೆ ಮೊದಲಿನಿಂದಲೂ ಇತ್ತು. ಅಮಚ್ಯನೆಂಬ ದೊರೆ ತನ್ನ ತಂದೆಯನ್ನು ಕೊಂದವರಿಗೆ ಮರಣದಂಡನೆ ಕೊಟ್ಟು ಅವರ ಮಕ್ಕಳನ್ನು ಮುಟ್ಟದೆ ಬಿಟ್ಟದ್ದನ್ನು ಅರಸುಗಳ ಪುಸ್ತಕ ವಿಶೇಷವಾಗಿ ಬರೆದಿಟ್ಟಿದೆ. ಮಕ್ಕಳಿಗಾಗಿ ಅಪ್ಪನನ್ನಾಗಲಿ ಅಪ್ಪನಿಗಾಗಿ ಮಕ್ಕಳನ್ನಾಗಲಿ ಕೊಲ್ಲಬಾರದೆಂಬ ವಿಧಿ ಧರ್ಮೋಪದೇಶಕಾಂಡದಲ್ಲಿದೆ. ಆದರೆ ಅದು ಮನುಷ್ಯರ ನ್ಯಾಯಸ್ಥಾನಕ್ಕೆ ಹಾಕಿದ ಕಟ್ಟು. ದೇವರಿಗೂ ಅದೇ ಕಟ್ಟು ಅನ್ವಯಿಸುತ್ತದೆ ಎಂದು ಹೇಳುವ ಧೈರ್ಯ ಮಾಡಿದವನು ಯೆಹೆಜ್ಕೇಲ. ಇನ್ನು ಈ ಗಾದೆಯನ್ನು ಯಾರೂ ಆಡಕೂಡದು ಎಂದು ದೇವರ ಹೆಸರಿನಲ್ಲೇ ಆಣೆಯಿಟ್ಟು ಸಾರಿದ. ಪ್ರವಾದಿ ಯೆರೆಮೀಯನೂ ಅದೇ ಗಾದೆಯನ್ನು ತಳ್ಳಿಹಾಕುತ್ತಾನೆ; ಆದರೆ ಮುಂದೊಂದು ಕಾಲ ಬರುತ್ತದೆ, ಆಗ ಜನ ಹೀಗನ್ನುವುದಿಲ್ಲ ಎಂಬುದು ಅವನ ಮಾತು. ಯೆಹೆಜ್ಕೇಲ ಕಾಯಲು ಸಿದ್ಧನಿಲ್ಲ. ಇವತ್ತಿನಿಂದಲೇ ಎನ್ನುತ್ತಾನೆ. ಎಷ್ಟೋ ಶತಮಾನದ ಮೇಲೆ ತಾಲ್ಮೂದಿನ ಯೆಹೂದಿ ಪಂಡಿತರು ಇದನ್ನು ಚರ್ಚಿಸುವಾಗ, ಮೋಶೆ ವಿಧಿಸಿದ್ದನ್ನು ಯೆಹೆಜ್ಕೇಲ ಬಂದು ರದ್ದು ಮಾಡಿದ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಮ್ಮ ಮೂಲಗ್ರಂಥದ ಕಟ್ಟಳೆಯನ್ನು ತಮ್ಮದೇ ಪ್ರವಾದಿ ತೆಗೆದುಹಾಕಿದ ಎಂದು ದಾಖಲಿಸುವ ಆ ಪಂಡಿತರ ಎದೆಗಾರಿಕೆಯನ್ನು ನಾನು ಗೌರವಿಸುತ್ತೇನೆ.

ಯೆಹೆಜ್ಕೇಲನ ಪುಸ್ತಕದ 18ನೆಯ ಅಧ್ಯಾಯ ಮೂರು ತಲೆಮಾರುಗಳ ಮೇಲೆ ನಿಂತಿದೆ. ಒಬ್ಬ ನ್ಯಾಯವಂತ, ಅವನು ಬಾಳುತ್ತಾನೆ. ಅವನ ಮಗ ಕೊಲೆಗಡುಕ. ಅಪ್ಪನ ಪುಣ್ಯ ಅವನನ್ನು ಕಾಯುವುದಿಲ್ಲ. ಆ ಕೊಲೆಗಡುಕನ ಮಗ ಅಪ್ಪನ ಕೆಲಸವನ್ನೆಲ್ಲ ಕಣ್ಣಾರೆ ಕಂಡು ಹಾಗೆ ಮಾಡದೆ ಉಳಿಯುತ್ತಾನೆ. ಅಪ್ಪನ ಪಾಪ ಅವನಿಗೆ ಅಂಟುವುದಿಲ್ಲ. ಸಾಮಾನ್ಯವಾಗಿ ವ್ಯಾಖ್ಯಾನಗಳು ಇಷ್ಟಕ್ಕೆ ನಿಂತು, ವ್ಯಕ್ತಿಯ ನೈತಿಕ ಹೊಣೆ ಇಲ್ಲಿ ಹುಟ್ಟಿತು ಎಂದು ಹೊಗಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದು. ನ್ಯಾಯವಂತ ಎಂದರೆ ಯಾರು ಎಂದು ವಿವರಿಸುವ ಪಟ್ಟಿಯನ್ನು ಆ ಒಂದೇ ಅಧ್ಯಾಯದಲ್ಲಿ ಅವನು ಮೂರು ಸಲ ಕೊಡುತ್ತಾನೆ. ವಿಗ್ರಹಾರಾಧನೆ, ವ್ಯಭಿಚಾರಗಳ ಮಾತು ಬಂದುಹೋಗುತ್ತದೆ. ಉಳಿದದ್ದು ಏನು? ಸಾಲಗಾರನ ಒತ್ತೆಯನ್ನು ಹಿಂದಿರುಗಿಸುವುದು. ಬಡ್ಡಿ ತಿನ್ನದಿರುವುದು. ಕಿತ್ತುಕೊಳ್ಳದಿರುವುದು. ಹಸಿದವನಿಗೆ ಅನ್ನ, ಬೆತ್ತಲೆಯವನಿಗೆ ಬಟ್ಟೆ. ಅಪ್ಪನ ಪಾಪ ಮಗನಿಗೆ ಬರುವುದೇ ಎಂಬ ದೇವಶಾಸ್ತ್ರದ ದೊಡ್ಡ ಪ್ರಶ್ನೆಗೆ ಉತ್ತರ ಕೊಡುವಾಗ ಪ್ರವಾದಿಯ ಕಣ್ಣು ಊರಿನ ಗಿರವಿ ವ್ಯವಹಾರದ ಮೇಲೆ ನೆಟ್ಟಿದೆ.

ಅದು ಆಕಸ್ಮಿಕವಲ್ಲ. ಆ ಸಮಾಜದಲ್ಲಿ ಅಪ್ಪನದು ಮಗನಿಗೆ ಇಳಿಯುವುದನ್ನು ದಿನಬೆಳಗಾದರೆ ಕಾಣುತ್ತಿದ್ದದ್ದು ಸಾಲದಲ್ಲಿ. ಪ್ರವಾದಿ ಎಲೀಷನ ಬಳಿ ಒಬ್ಬ ವಿಧವೆ ಓಡಿಬರುತ್ತಾಳೆ: ಗಂಡ ಸತ್ತಿದ್ದಾನೆ, ಸಾಲಕೊಟ್ಟವನು ಇಬ್ಬರು ಹುಡುಗರನ್ನು ಆಳಾಗಿ ಒಯ್ಯಲು ಬಾಗಿಲಿಗೆ ಬಂದಿದ್ದಾನೆ. ಪ್ರವಾದಿ ಆಮೋಸನು ಬೈಯುವುದು ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದವರನ್ನು, ಒತ್ತೆ ಹಿಡಿದ ಬಟ್ಟೆಯನ್ನು ಹಾಸಿಕೊಂಡು ಬಲಿಪೀಠದ ಪಕ್ಕದಲ್ಲೇ ಮಲಗಿದವರನ್ನು. ಬಡವನ ಕಂಬಳಿಯನ್ನು ಒತ್ತೆಗೆ ತೆಗೆದುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸು ಕೊಡಬೇಕೆಂದು ವಿಮೋಚನಕಾಂಡದ ಕಟ್ಟಳೆ. ರಾತ್ರಿ ಹೊದೆಯಲು ಅವನಿಗೆ ಬೇರೆ ಇಲ್ಲ.

ಈ ಕಟ್ಟಳೆ ಬರಿಯ ಹಾಳೆಯ ಮೇಲಿನದಾಗಿರಲಿಲ್ಲ ಎನ್ನಲು ಒಂದು ಸಾಕ್ಷಿಯಿದೆ. 1960ರಲ್ಲಿ ಇಸ್ರೇಲಿನ ಕರಾವಳಿಯ ಯಾವ್ನೆ-ಯಾಮ್ ಎಂಬ ನೆಲೆಯ ದಕ್ಷಿಣಕ್ಕೆ ಒಂದು ಚಿಕ್ಕ ಕೋಟೆಯನ್ನು ಅಗೆದಾಗ, ಮಸಿಯಲ್ಲಿ ಬರೆದ ಮಡಕೆಯ ಚೂರುಗಳು ಸಿಕ್ಕವು. ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆಯವು. ಯೆರೆಮೀಯ ಬದುಕಿದ್ದ ಕಾಲ. ಅವುಗಳಲ್ಲಿದ್ದದ್ದು ಕೊಯ್ಲಿನ ಕೂಲಿಯೊಬ್ಬ ಕೋಟೆಯ ಅಧಿಕಾರಿಗೆ ಬರೆಸಿದ ಅರ್ಜಿ. ನಾನು ಎಂದಿನಂತೆ ಕೊಯ್ದು ಕಣಜಕ್ಕೆ ಹಾಕಿ ಕೆಲಸ ಮುಗಿಸಿದ್ದೆ, ಅಷ್ಟರಲ್ಲಿ ಶೋಬೈಯ ಮಗ ಹೋಶಯಾಹು ಬಂದು ನನ್ನ ಬಟ್ಟೆಯನ್ನು ಕಿತ್ತುಕೊಂಡು ಹೋದ, ಎಷ್ಟೋ ದಿನವಾಯಿತು, ಕೊಟ್ಟಿಲ್ಲ, ಬಿಸಿಲಿನಲ್ಲಿ ನನ್ನ ಜೊತೆ ಕೊಯ್ಯುತ್ತಿದ್ದವರೆಲ್ಲ ನನ್ನ ಪರ ಸಾಕ್ಷಿ ಹೇಳುತ್ತಾರೆ, ನನ್ನಲ್ಲಿ ತಪ್ಪಿಲ್ಲ, ತಪ್ಪಿದೆ ಎಂದೇ ನಿಮಗೆ ಕಂಡರೂ ಕರುಣೆಯಿಂದ ಬಟ್ಟೆ ಕೊಡಿಸಿ. ಅರ್ಜಿಯ ಸಾರ ಇಷ್ಟು. ಕಿತ್ತುಕೊಂಡವನ ಹೆಸರು, ಅವನ ಅಪ್ಪನ ಹೆಸರು ಎರಡೂ ಅದರಲ್ಲಿವೆ. ಉಳಿದಿರುವ ಬರಹದಲ್ಲಿ ಕೂಲಿಯವನ ಹೆಸರೇ ಇಲ್ಲ. ಅವನಿಗೆ ಬಟ್ಟೆ ಸಿಕ್ಕಿತೋ ಇಲ್ಲವೋ ಚೂರು ಹೇಳುವುದಿಲ್ಲ. ನಾನು ತಪ್ಪು ಮಾಡಿಲ್ಲ, ನನ್ನನ್ನು ನನ್ನ ಕೆಲಸದಿಂದ ಅಳೆಯಿರಿ ಎಂಬ ಆ ಕೂಲಿಯ ಒತ್ತಾಯವೇ ಮುಂದೆ ಯೆಹೆಜ್ಕೇಲನಲ್ಲಿ ದೇವರ ವಾಣಿಯಾಗಿ ಕೇಳುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ನಮ್ಮ ಸೀಮೆಗೆ ಬರುತ್ತೇನೆ. ಜೀತ ಎಂಬ ಪದ್ಧತಿಯನ್ನು ಇಲ್ಲಿ ಕೂತಿರುವ ಹಿರಿಯರಿಗೆ ನಾನು ವಿವರಿಸಬೇಕಿಲ್ಲ, ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬರಗಾಲವೋ ಬಂದಾಗ ಒಡೆಯನ ಬಳಿ ದುಡ್ಡು ಎತ್ತುತ್ತಿದ್ದರು. ತೀರಿಸುವುದು ಮೈಯಿಂದ. ದೊಡ್ಡವರು ಉಳುವುದಕ್ಕೆ, ಹುಡುಗರು ದನ ಕಾಯುವುದಕ್ಕೆ. ವರ್ಷದ ಕರಾರು, ಹೊಟ್ಟೆಗೆ ಮುದ್ದೆ, ಹೊದೆಯಲು ಕಂಬಳಿ. ವರ್ಷ ತುಂಬುವಷ್ಟರಲ್ಲಿ ಇನ್ನೊಂದು ಖರ್ಚು ಬಂದು, ಇನ್ನಷ್ಟು ಸಾಲವಾಗಿ, ಲೆಕ್ಕ ಮತ್ತೆ ಮೊದಲಿಗೆ. ಅಪ್ಪ ಸೋತರೆ ಮಗ ಹೋಗಿ ನಿಲ್ಲಬೇಕು. ಲೆಕ್ಕ ಇರುತ್ತಿದ್ದದ್ದು ಒಡೆಯನ ಬಳಿ, ಓದು ಬಾರದ್ದು ಆಳಿಗೆ. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದಾಗ ಕಂಡ ಜೀತದಾಳುಗಳ ಬದುಕನ್ನು ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ ಬರೆದಿದ್ದಾರೆ. ಹಳೆಮಗನ ಪದ್ಧತಿಯನ್ನೂ ಗುರುತಿಸಿದ್ದಾರೆ: ಒಂದು ದಲಿತ ಮನೆತನ ಒಂದು ಒಕ್ಕಲು ಮನೆತನಕ್ಕೆ ತಲೆಮಾರಿನಿಂದ ತಲೆಮಾರಿಗೆ ಊಳಿಗ ಮಾಡುವುದು. ಆಸ್ತಿ ಪಾಲಾಗುವಾಗ ಹಿಸ್ಸೆಯ ಜೊತೆ ಆ ಸಂಬಂಧವೂ ಅಣ್ಣತಮ್ಮಂದಿರಿಗೆ ಹಂಚಿಹೋಗುತ್ತಿತ್ತು. ಹುಳಿ ದ್ರಾಕ್ಷಿಯ ಗಾದೆಯನ್ನು ಮೈಮೇಲೆ ಹೊತ್ತವರು ಇವರು.

ಇದಕ್ಕೆ ಬೆಂಬಲವಾಗಿ ಒಂದು ತತ್ವವೂ ಇತ್ತು. ಪಡೆದು ಬಂದದ್ದು, ಹಣೆಯಲ್ಲಿ ಬರೆದದ್ದು, ಹೋದ ಜನ್ಮದ ಕರ್ಮ. ಕರ್ಮಸಿದ್ಧಾಂತವನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಅದರ ಮೂಲದಲ್ಲಿರುವುದು ಕಟ್ಟುನಿಟ್ಟಾದ ವೈಯಕ್ತಿಕ ಹೊಣೆಯೇ. 1209ರ ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಕ್ಕೆ ತಾಯಿ ಮಗ ಜನ್ಮ ಜನ್ಮ ಅಲೆಯುತ್ತಾರೆ, ರಕ್ತ ಸುರಿಯದಿದ್ದರೂ ಮನಸ್ಸು ಕೊಂದಿತ್ತು. ಹೊಣೆಯನ್ನು ಕೈಯಿಂದ ಮನಸ್ಸಿಗೆ ಒಯ್ದ ಆ ಸೂಕ್ಷ್ಮ ಹೀಬ್ರೂ ಪ್ರವಾದಿಗಳಲ್ಲಿಯೂ ಅಷ್ಟು ಸ್ಪಷ್ಟವಾಗಿ ಇಲ್ಲ. ತೊಡಕು ಇರುವುದು ಅದನ್ನು ಬಳಸಿದ ರೀತಿಯಲ್ಲಿ. ನಿನ್ನ ದುಃಖಕ್ಕೆ ನೀನೇ ಕಾರಣ, ಆದರೆ ಆ ಕಾರಣ ನಿನಗೆ ನೆನಪಿಲ್ಲದ ಜನ್ಮದಲ್ಲಿದೆ ಎಂದು ದನ ಕಾಯುವ ಹುಡುಗನಿಗೆ ಹೇಳಿದಾಗ, ಲೆಕ್ಕದ ಪುಸ್ತಕ ಹಿಡಿದ ಕೈ ಕಾಣದಂತಾಗುತ್ತದೆ. ಯೆಹೆಜ್ಕೇಲನ ಜನರೂ ಇದೇ ಕತ್ತಲೆಯಲ್ಲಿದ್ದರು. ಅವನು ಅವರಿಗೆ ಕೊಟ್ಟದ್ದು ಈ ಜನ್ಮವನ್ನು, ಈ ವರ್ಷವನ್ನು.

ಕಾನೂನಿನ ಭಾಷೆಯಲ್ಲಿ ಅದೇ ಕೆಲಸ ಆದದ್ದು 1975-76ರಲ್ಲಿ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು. 1974ರ ಭೂಸುಧಾರಣಾ ತಿದ್ದುಪಡಿ ಅವರ ಹೆಸರಿನ ಜೊತೆ ಎಲ್ಲರ ಬಾಯಲ್ಲಿದೆ. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯನ್ನು ನೆನೆಯುವವರು ಕಡಿಮೆ. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ದುರ್ಬಲ ವರ್ಗದವರು ಲೇವಾದೇವಿಯವರಿಗೆ ಕೊಡಬೇಕಿದ್ದ ಸಾಲವನ್ನು ಅದು ತೀರಿತೆಂದು ಘೋಷಿಸಿತು, ಅಡವಿಟ್ಟದ್ದನ್ನು ಬಿಡಿಸಿಕೊಟ್ಟಿತು. ಅದೇ ಹೊತ್ತಿಗೆ ಕೇಂದ್ರದ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. 1975ರ ಅಕ್ಟೋಬರ್ 25ರಿಂದ ಜಾರಿ. ಆ ಕಾಯ್ದೆಯ ವ್ಯಾಖ್ಯೆಗಳನ್ನು ದಯವಿಟ್ಟು ಒಮ್ಮೆ ಓದಿ. ತಾನು ಪಡೆದ ಮುಂಗಡಕ್ಕೆ ಮಾತ್ರವಲ್ಲ, ತನ್ನ ಹಿರಿಯರು ಅಥವಾ ಮಕ್ಕಳು ಮೊಮ್ಮಕ್ಕಳು ಪಡೆದ ಮುಂಗಡಕ್ಕೆ ದುಡಿಯುವುದೂ ಜೀತವೇ. ವಾರಸಿನಿಂದ ಇಳಿದುಬಂದ ಹೊರೆಯೂ ಜೀತವೇ. ಅಂಥ ಸಾಲ ಅಳಿದುಹೋಯಿತು. ಅದಕ್ಕಾಗಿ ಹಿಡಿದಿಟ್ಟ ಆಸ್ತಿಯನ್ನು ಹಿಂದಿರುಗಿಸಬೇಕು. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲ ಎಂದು ಸಾಬೀತು ಮಾಡುವ ಭಾರ ಸಾಲ ಕೊಟ್ಟವನದು. ಒತ್ತೆ ಹಿಂದಿರುಗಿಸುವ ನ್ಯಾಯವಂತನ ಪಟ್ಟಿಯನ್ನೂ ಮಗನನ್ನು ಅಪ್ಪನ ಲೆಕ್ಕದಿಂದ ಬಿಡಿಸುವ ತೀರ್ಪನ್ನೂ ಯೆಹೆಜ್ಕೇಲ ಒಂದೇ ಅಧ್ಯಾಯದಲ್ಲಿ ಇಟ್ಟ ಹಾಗೆ, ನಮ್ಮ ಸಂಸತ್ತೂ ಎರಡನ್ನೂ ಒಂದೇ ಕಾಯ್ದೆಯಲ್ಲಿ ಇಟ್ಟಿತು. ಬರೆದವರಿಗೆ ಆ ಪುಸ್ತಕದ ನೆನಪಿತ್ತೆಂದು ನಾನು ಹೇಳುತ್ತಿಲ್ಲ. ಒಂದೇ ರೋಗಕ್ಕೆ ಒಂದೇ ಮದ್ದು ಎರಡು ಕಡೆ ಸಿಕ್ಕಿತು.

ಇಲ್ಲಿ ಒಂದು ಕಷ್ಟದ ಮಾತಿದೆ. ಹಿರಿಯರ ಪಾಪ ಮಕ್ಕಳಿಗೆ ಎಂಬ ನಂಬಿಕೆ ಉಳ್ಳವರ ಕೈಯ ಅಸ್ತ್ರ ಮಾತ್ರ ಆಗಿದ್ದರೆ ಅದನ್ನು ಬಿಡುವುದು ಸುಲಭವಿತ್ತು. ಅದು ಇಲ್ಲದವರ ಕೊನೆಯ ಆಸರೆಯೂ ಹೌದು. ಗಂಡನನ್ನೂ ರಾಜ್ಯವನ್ನೂ ಕಳೆದುಕೊಂಡು ನದಿಯ ದಡಕ್ಕೆ ಬಂದ ಹೆಂಗಸಿಗೆ ದೂರು ಕೊಡಲು ಯಾವ ಚಾವಡಿಯಿತ್ತು? ನನ್ನಿಂದಾಗದು, ನಿನ್ನ ವಂಶ ಅನುಭವಿಸಲಿ ಎಂಬ ಮಾತೊಂದೇ ಆಕೆಯ ಬಳಿ ಉಳಿದ ನ್ಯಾಯ. ಹೊಲ ಕಳೆದುಕೊಂಡವನು, ಮಗಳನ್ನು ಕಳೆದುಕೊಂಡವಳು ಮಣ್ಣು ತೂರಿ ಶಪಿಸುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಹೀಬ್ರೂ ಗ್ರಂಥದಲ್ಲಿ ಇದರ ಹತ್ತಿರದ ಕಥೆ ನಾಬೋತನದು. ಅಹಾಬ ದೊರೆಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕು. ಪಿತ್ರಾರ್ಜಿತ, ಕೊಡುವುದಿಲ್ಲ ಎಂದ ನಾಬೋತ. ರಾಣಿ ಈಜೆಬೆಲ್ ಸುಳ್ಳು ಸಾಕ್ಷಿ ಕಟ್ಟಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ತೋಟ ವಶಕ್ಕೆ ತೆಗೆದುಕೊಳ್ಳಲು ಬಂದ ದೊರೆಗೆ ಪ್ರವಾದಿ ಎಲೀಯ ಅಲ್ಲೇ ಎದುರಾಗಿ ಶಿಕ್ಷೆಯನ್ನು ನುಡಿದ. ಅಹಾಬ ಗೋಣಿತಟ್ಟು ಉಟ್ಟು ಕುಗ್ಗಿದಾಗ ಶಿಕ್ಷೆ ಮುಂದಕ್ಕೆ ಹೋಯಿತು, ಅವನ ಮಗನ ಕಾಲಕ್ಕೆ. ಈ ಮುಂದೂಡಿಕೆ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ಮುಂದೆ ಯೇಹು ಎಂಬ ಸೇನಾಪತಿ ಅಹಾಬನ ಮಗನನ್ನು ಕೊಂದು ಹೆಣವನ್ನು ನಾಬೋತನ ಹೊಲದಲ್ಲೇ ಎಸೆಸಿದ; ವಂಶದ ಎಪ್ಪತ್ತು ಮಂದಿಯ ತಲೆಗಳನ್ನು ಬುಟ್ಟಿಗಳಲ್ಲಿ ತರಿಸಿದ. ಎಲ್ಲವೂ ದೈವಾಜ್ಞೆಯ ಹೆಸರಿನಲ್ಲಿ. ಸುಮಾರು ನೂರು ವರ್ಷದ ಮೇಲೆ ಹೋಶೇಯ ಪ್ರವಾದಿ ಬಂದು, ಇಜ್ರೇಲಿನಲ್ಲಿ ಹರಿಸಿದ ಆ ರಕ್ತಕ್ಕೆ ಯೇಹುವಿನ ಮನೆತನ ಉತ್ತರ ಕೊಡಬೇಕು ಎಂದ. ಸೇಡು ತೀರಿಸಿದ್ದೇ ಹೊಸ ಸಾಲವಾಯಿತು, ಅದೂ ಮಕ್ಕಳಿಗೆ ಇಳಿಯಿತು. ಯೆಹೆಜ್ಕೇಲ ನಿಲ್ಲಿಸಲು ಹೊರಟದ್ದು ಈ ಸರಣಿಯನ್ನು. ಶಾಪದ ಹಕ್ಕನ್ನು ಅವನು ನೊಂದವರಿಂದ ತೆಗೆದುಕೊಂಡ. ಅದರ ಬದಲು ಅವರಿಗೆ ಸಿಗಬೇಕಾದದ್ದು ಒತ್ತೆ ಇಟ್ಟ ವಸ್ತು, ಬದುಕಿರುವವರ ಕೈಯಿಂದ.

ಬದುಕಿರುವವರ ಕೈಯಿಂದ ಎಂಬುದನ್ನು ಒತ್ತಿ ಹೇಳುತ್ತೇನೆ. ಅವರವರ ಹೊಣೆ ಅವರವರಿಗೆ ಎಂಬ ಮಾತನ್ನು ನಮ್ಮ ಕಾಲ ತುಂಬ ಅನುಕೂಲವಾಗಿ ಬಳಸಿಕೊಂಡಿದೆ. ಅಂದು ಆದದ್ದಕ್ಕೆ ನಾನೇನು ಮಾಡಲಿ, ನಾನು ಹುಟ್ಟಿಯೇ ಇರಲಿಲ್ಲ ಎನ್ನುವವರನ್ನು ಎಲ್ಲ ಕಡೆ ಕಾಣುತ್ತೇವೆ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರ ವಿಷಯದಲ್ಲಿ ಈ ಮಾತು ಕೇಳಿದ್ದೇವೆ. ಹೈಕೋರ್ಟಿನ ಆದೇಶದ ಮೇಲೆ ರಚನೆಯಾದ ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ 3,418 ಕುಟುಂಬಗಳನ್ನು ಗುರುತಿಸಿತು. ಅವರನ್ನು ಎಬ್ಬಿಸಿದ ಅಧಿಕಾರಿಗಳು ಎಂದೋ ನಿವೃತ್ತರು. ಇಂದಿನವರು ಎಬ್ಬಿಸಿದವರಲ್ಲ. ಹಾಗಾದರೆ ಯಾರೂ ಹೊಣೆಯಲ್ಲವೇ? ಯೆಹೆಜ್ಕೇಲನ ಮೂರನೆಯ ತಲೆಮಾರಿನವನನ್ನು ಗಮನಿಸಿ. ಅವನು ನಿರ್ದೋಷಿಯಾದದ್ದು ತಡವಾಗಿ ಹುಟ್ಟಿದ್ದರಿಂದ ಅಲ್ಲ. ಅಪ್ಪ ಮಾಡಿದ್ದನ್ನು ಕಂಡ, ಯೋಚಿಸಿದ, ಒತ್ತೆ ಹಿಡಿಯಲಿಲ್ಲ, ಅನ್ನ ಕೊಟ್ಟ. ಮುಂದೆ 33ನೆಯ ಅಧ್ಯಾಯದಲ್ಲಿ, ತಪ್ಪಿನಿಂದ ತಿರುಗಿಕೊಳ್ಳುವವನ ಮೊದಲ ಗುರುತೇ ಕಿತ್ತುಕೊಂಡದ್ದನ್ನು ವಾಪಸು ಕೊಡುವುದು ಎಂದಿದೆ. ಅಪ್ಪನ ಪಾಪ ಬೇಡ, ಅಪ್ಪ ಒತ್ತೆ ಹಿಡಿದ ಹೊಲ ಇರಲಿ ಎನ್ನುವ ಮಗನಿಗೆ ಈ ಪ್ರವಾದಿಯ ಬಳಿ ಜಾಗವಿಲ್ಲ. ನೆಹೆಮೀಯನ ಪುಸ್ತಕದಲ್ಲಿ ಹೊಲ, ಮನೆ, ತೋಟ ಅಡವಿಟ್ಟು ಮಕ್ಕಳನ್ನು ಆಳಾಗಿ ಕೊಟ್ಟ ಜನ ಗೋಳಾಡಿದಾಗ, ಅಧಿಪತಿ ನೆಹೆಮೀಯ ಶ್ರೀಮಂತರನ್ನು ಗದರಿಸುವ ಮಾತಿನ ನಡುವೆಯೇ ತಾನೂ ತನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟಿದ್ದೇವೆ ಎಂದು ಒಪ್ಪಿಕೊಳ್ಳುತ್ತಾನೆ. ಅಧಿಕಾರದಲ್ಲಿದ್ದವರ ಬಾಯಿಂದ ಅಂಥ ಮಾತು ಬರುವುದು ಅಪರೂಪ.

ಯೆಹೆಜ್ಕೇಲನಲ್ಲಿ ಎಲ್ಲವೂ ಸರಿಹೊಂದುತ್ತದೆ ಎಂದು ನಾನು ವಾದಿಸುವುದಿಲ್ಲ. ಅದೇ ಪುಸ್ತಕದ 21ನೆಯ ಅಧ್ಯಾಯದಲ್ಲಿ ಬರಲಿರುವ ಕತ್ತಿ ಒಳ್ಳೆಯವರನ್ನೂ ಕೆಟ್ಟವರನ್ನೂ ಒಟ್ಟಿಗೆ ಕಡಿಯುತ್ತದೆ ಎಂದಿದೆ. ಹತ್ತು ವರ್ಷ ಕಳೆಯುವುದರೊಳಗೆ, ಸುಮಾರು 587ರಲ್ಲಿ, ಯೆರೂಸಲೇಮ್ ಸುಟ್ಟುಹೋದಾಗ ಹಾಗೆಯೇ ಆಯಿತು. ಬಳಿಕ ಹಾಡಿದ ಪ್ರಲಾಪಗಳಲ್ಲಿ, ಪಾಪ ಮಾಡಿದ ಹಿರಿಯರು ಇಲ್ಲವಾದರು, ಹೊರುವವರು ನಾವು ಎಂಬ ಹಳೆಯ ಗೋಳು ಮತ್ತೆ ಕೇಳಿಬರುತ್ತದೆ. ಹಬಕ್ಕೂಕನೆಂಬ ಪ್ರವಾದಿ ದೇವರನ್ನೇ ನಿಲ್ಲಿಸಿ ಪ್ರಶ್ನಿಸಿದ. ಯೆರೆಮೀಯ ಕೆಟ್ಟವರ ಬಾಳು ಏಕೆ ಹಸನಾಗಿದೆ ಎಂದು ಜಗಳವಾಡಿದ. ದೇವರ ದಾರಿ ಸಮವಾಗಿಲ್ಲ ಎಂದು ಸೆರೆಯವರು ಯೆಹೆಜ್ಕೇಲನ ಮುಖಕ್ಕೇ ಹೇಳಿದ್ದನ್ನು ಅವನೇ ಬರೆದಿಟ್ಟಿದ್ದಾನೆ. ಲೋಕ ಹೀಗೆ ನಡೆಯುತ್ತದೆ ಎಂಬ ವರದಿಯಾಗಿ 18ನೆಯ ಅಧ್ಯಾಯವನ್ನು ಓದಿದರೆ ಅದು ನಿಲ್ಲುವುದಿಲ್ಲ. ನ್ಯಾಯ ಹೇಳುವವರು ಹೀಗೆ ಹೇಳಬೇಕು ಎಂಬ ತೀರ್ಪಾಗಿ ಓದಿದರೆ ಅದರ ಒಂದು ಅಕ್ಷರವೂ ಹಳತಾಗಿಲ್ಲ.

ಕೊನೆಯದಾಗಿ ಯೆರೆಮೀಯನ 34ನೆಯ ಅಧ್ಯಾಯ. ಇಡೀ ಪ್ರವಾದಿ ಸಾಹಿತ್ಯದಲ್ಲಿ ನನ್ನನ್ನು ಹೆಚ್ಚು ಕಾಡುವ ಪ್ರಸಂಗ ಅದು. ಬಾಬಿಲೋನಿನ ದಂಡು ಯೆರೂಸಲೇಮನ್ನು ಮುತ್ತಿದೆ. ಚಿದ್ಕೀಯ ದೊರೆ ದೇವಾಲಯದಲ್ಲಿ ಪ್ರಜೆಗಳೊಡನೆ ಒಪ್ಪಂದ ಮಾಡುತ್ತಾನೆ: ಹೀಬ್ರೂ ಆಳುಗಳನ್ನೆಲ್ಲ ಬಿಡುಗಡೆ ಮಾಡಬೇಕು. ಕರುವನ್ನು ಎರಡಾಗಿ ಸೀಳಿ ನಡುವೆ ಹಾದುಹೋಗುವ ಭಾರಿ ಆಣೆ. ಯಜಮಾನರು ಆಳುಗಳನ್ನು ಬಿಟ್ಟರು. ಐಗುಪ್ತದ ಸೈನ್ಯ ಬರುತ್ತಿದೆಯೆಂದು ಬಾಬಿಲೋನಿನವರು ಮುತ್ತಿಗೆ ಸಡಿಲಿಸಿದ್ದೇ ತಡ, ಬಿಟ್ಟವರನ್ನೆಲ್ಲ ಎಳೆತಂದು ಮತ್ತೆ ಆಳಾಗಿಸಿಕೊಂಡರು. ಏಳನೆಯ ವರ್ಷದಲ್ಲಿ ಆಳನ್ನು ಬಿಡುವಾಗ ಬರಿಗೈಯಲ್ಲಿ ಕಳಿಸಬಾರದು, ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಗಾಣದಿಂದ ತೆಗೆದು ಕೊಡಬೇಕು ಎಂದು ಅವರ ಹಳೆಯ ಕಾನೂನು. ಇವರು ಕೊಡಲೂ ಇಲ್ಲ, ಬಿಡಲೂ ಇಲ್ಲ.

ನಮ್ಮ ಕಾಯ್ದೆ ಬಂದದ್ದೂ ತುರ್ತುಪರಿಸ್ಥಿತಿಯ ನಡುವೆ, ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಾಗವಾಗಿ, ಜನರ ಹಕ್ಕುಗಳೇ ಅಮಾನತಾಗಿದ್ದ ಕಾಲದಲ್ಲಿ. ಕಾಲ ಕೆಟ್ಟದ್ದಾಗಿತ್ತೆಂದು ಕಾನೂನನ್ನು ಹೀಗಳೆಯಲಾರೆ. ಆದರೆ ಮುತ್ತಿಗೆ ಸಡಿಲಿದ ಮೇಲೆ ಆಗುವುದು ಇಲ್ಲಿಯೂ ಆಗಿದೆ. ಜೀತ ಎಂಬ ಹೆಸರು ಹೋಗಿ ‘ಮುಂಗಡ’ ಬಂತು. ಹುಣಸೂರಿನ ಸುತ್ತಲ ತಾಲ್ಲೂಕುಗಳ ಹಾಡಿಗಳಿಂದ ಕೊಡಗಿನ ಕಾಫಿ ತೋಟದ ಲೈನ್ ಮನೆಗಳಿಗೆ, ಶುಂಠಿ ಕೆಲಸಕ್ಕೆ ಹೋಗುವವರ ಲೆಕ್ಕ ಮೇಸ್ತ್ರಿಯ ಬಳಿ ಇರುತ್ತದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇರುವ ರೈತ ಸತ್ತರೆ ಹೆಂಡತಿಯ ಮುಂದೆ ಕೈಸಾಲದ ಚೀಟಿಗಳು ಬಂದು ಬೀಳುತ್ತವೆ. ಕಿರುಸಾಲ ವಸೂಲಿಯ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹುಣಸೂರು ಉಪವಿಭಾಗದ ಕೇಂದ್ರ. ಜೀತದಿಂದ ಬಿಡಿಸಿದವರಿಗೆ ಬಿಡುಗಡೆ ಪತ್ರ ಕೊಡುವ ಅಧಿಕಾರ ಉಪವಿಭಾಗಾಧಿಕಾರಿಯದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳವರು ಬರಬೇಕಾದದ್ದು ಈ ಊರಿಗೇ. 2016ರ ಕೇಂದ್ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಪುರುಷನಿಗೆ ಒಂದು ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಅತಿಘೋರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಎಂದಿದೆ. ತಕ್ಷಣಕ್ಕೆ ಕೊಡುವುದು ಇಪ್ಪತ್ತು ಸಾವಿರ ಇದ್ದದ್ದು ಆಮೇಲೆ ಮೂವತ್ತು ಸಾವಿರವಾಗಿದೆ. ಉಳಿದ ದೊಡ್ಡ ಮೊತ್ತವನ್ನು ಮಾತ್ರ ಒಡೆಯನ ಮೇಲಿನ ವಿಚಾರಣೆಗೆ, ಅವನ ಅಪರಾಧ ಸಾಬೀತಾಗುವುದಕ್ಕೆ ಗಂಟು ಹಾಕಿದ್ದಾರೆ. ಅಂದರೆ ಅಪ್ಪನ ಸಾಲಕ್ಕೆ ದುಡಿದ ಹುಡುಗ, ಬಿಡುಗಡೆಯ ಪತ್ರ ಕೈಗೆ ಬಂದ ಮೇಲೂ, ತನ್ನ ಪಾಲಿಗಾಗಿ ಇನ್ನೊಬ್ಬನ ತಪ್ಪಿನ ತೀರ್ಪು ಬರುವವರೆಗೆ ಕಾಯಬೇಕು. ಕಾದಿರುವಾಗ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವನು ಮುಂಗಡಕ್ಕೆ ಹೋಗಿ ನಿಲ್ಲುವುದು ಯಾರ ಬಾಗಿಲಲ್ಲಿ ಎಂಬುದು ಈ ಸಭೆಗೆ ಗೊತ್ತು. ಯೆಹೆಜ್ಕೇಲನ ನ್ಯಾಯವಂತ ಒತ್ತೆಯನ್ನು ಹಿಂದಿರುಗಿಸುವಾಗ ಯಾರ ತೀರ್ಪಿಗೂ ಕಾಯುವುದಿಲ್ಲ. ಬಿಡುಗಡೆಯ ದಿನವೇ ಪೂರ್ತಿ ಹಣ ಕೈಗೆ ಬರುವಂತೆ ಆ ನಿಯಮವನ್ನು ತಿದ್ದಬೇಕು. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದಾರೆ. ಈ ಕೆಲಸವನ್ನು ಅವರ ಕೈಗೆ ಕೊಡುತ್ತಿದ್ದೇನೆ.